ಗುದ್ದು ಯಾರ ಮುಖದ ಮೇಲೆ ಬೀಳುತ್ತದೆ?

ಆ ಮುಷ್ಟಿ ದವಡೆಯನ್ನು ಮುಟ್ಟುವುದೇ ಇಲ್ಲ! ಬಾಕ್ಸಿಂಗ್ ಸಿನಿಮಾಗಳಲ್ಲಿ ನಾವು ಹಲ್ಲು ಕಚ್ಚಿಕೊಂಡು ನೋಡುವ ಗುದ್ದುಗಳಲ್ಲಿ ಬಹುಪಾಲು ಎದುರಾಳಿಯ ಮೂಗಿನ ಮುಂದೆ ಗಾಳಿಯಲ್ಲಿ ಹಾದುಹೋಗುತ್ತವೆ. ನಡುವಿನ ಸಂದು ಕಾಣದ ಹಾಗೆ ಕ್ಯಾಮೆರಾ ಇಟ್ಟಿರುತ್ತಾರೆ, ಸದ್ದನ್ನು ಆಮೇಲೆ ಸೇರಿಸುತ್ತಾರೆ. ಹಾಗಿದ್ದೂ ಕೂತಲ್ಲೇ ನಮ್ಮ ಹೊಟ್ಟೆ ಹಿಂಡುತ್ತದಲ್ಲ, ಹಿಂಡಿದವರು ಯಾರು? ಹೊಡೆದವನು ಕೈ ಬೀಸಿದ, ಅಷ್ಟೇ. ಸರಿಯಾದ ಗಳಿಗೆಗೆ ಕತ್ತು ಹೊರಳಬೇಕು, ಕಣ್ಣಿನ ಬೆಳಕು ಆರಿ ಮತ್ತೆ ಹೊತ್ತಿಕೊಳ್ಳಬೇಕು, ಮಂಡಿ ಸಡಿಲಾಗಿಯೂ ಬೀಳದೆ ನಿಲ್ಲಬೇಕು. ಇದೆಲ್ಲ ಹೊಡೆಸಿಕೊಂಡವನ ಕೆಲಸ. ತೆರೆಯ ಮೇಲಿನ ಗುದ್ದನ್ನು ಹುಟ್ಟಿಸುವವನು ಅದನ್ನು ತಿನ್ನುವವನು! ಇದು ಹೊಳೆದ ಮೇಲೆ ಹಳೆಯ ಹೊಸ ಬಾಕ್ಸಿಂಗ್ ಸಿನಿಮಾಗಳನ್ನೆಲ್ಲ ಮತ್ತೆ ಹಾಕಿಕೊಂಡು ಕೂತೆ. ಗೆಲ್ಲುವವನನ್ನು ಬಿಟ್ಟು ಪೆಟ್ಟು ತಿನ್ನುವವನ ಮೇಲೆ ಕಣ್ಣು ನೆಟ್ಟೆ. ಎಂಥೆಂಥ ಅಭಿನಯ ಸಿಕ್ಕಿತು!

ಮೊದಲು 1949ರ ‘ದಿ ಸೆಟ್-ಅಪ್’ ನೋಡಿ. ರಾಬರ್ಟ್ ವೈಸ್ ನಿರ್ದೇಶನ, ಕಪ್ಪು-ಬಿಳುಪು, ಬರೀ 72 ನಿಮಿಷ. ಕಥೆಯ ಗಡಿಯಾರವೂ ನಮ್ಮ ಗೋಡೆಯ ಗಡಿಯಾರವೂ ಒಂದೇ ವೇಗದಲ್ಲಿ ಓಡುತ್ತವೆ; ಒಂದು ರಾತ್ರಿಯ ಒಂದು ಗಂಟೆ ಚಿಲ್ಲರೆ ಹೊತ್ತು, ಎಲ್ಲೂ ಹಾರಿಸದೆ, ಹಾಗೇ ಕಣ್ಣೆದುರು ನಡೆದುಹೋಗುತ್ತದೆ. ಸ್ಟೋಕರ್ ಥಾಂಪ್ಸನ್‌ಗೆ 35 ವರ್ಷ. ಬಾಕ್ಸಿಂಗಿನಲ್ಲಿ ಅದು ಮುದಿ ವಯಸ್ಸು. ಅವನು ಹೇಗೂ ಸೋಲುತ್ತಾನೆಂದು ಮ್ಯಾನೇಜರನಿಗೆ ಎಷ್ಟು ಖಾತ್ರಿಯೆಂದರೆ, ಸೋಲಿಸುತ್ತೇನೆಂದು ಹಣ ತಿಂದು ಆ ಮಾತನ್ನು ಸ್ಟೋಕರ್‌ನ ಕಿವಿಗೇ ಹಾಕುವುದಿಲ್ಲ. ಈ ಪಾತ್ರ ಮಾಡಿದ ರಾಬರ್ಟ್ ರಯಾನ್ ಡಾರ್ಟ್‌ಮತ್ ಕಾಲೇಜಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದವರು! ಗುದ್ದಲು ಅಷ್ಟು ಚೆನ್ನಾಗಿ ಬಲ್ಲ ಮನುಷ್ಯ ತನ್ನ ವಿದ್ಯೆಯನ್ನೆಲ್ಲ ಗುದ್ದು ತಿನ್ನುವುದಕ್ಕೆ ಧಾರೆ ಎರೆದಿದ್ದಾರೆ. ಹೊಡೆತ ಬಿದ್ದಾಗ ಅವರು ಅತಿಯಾಗಿ ಮುಖ ಕಿವುಚುವುದಿಲ್ಲ. ನೋವನ್ನು ಎದುರಾಳಿಗೆ ತೋರಿಸಬಾರದು, ತೋರಿಸಿದರೆ ಅದೇ ಜಾಗಕ್ಕೆ ಮತ್ತೆ ಬೀಳುತ್ತದೆ ಎಂಬುದು ರಿಂಗಿಗಿಳಿದ ಯಾರಿಗೂ ಗೊತ್ತು. ರಯಾನ್ ನೋವನ್ನು ಎದುರಿನವನಿಂದ ಬಚ್ಚಿಡುತ್ತಾರೆ, ಬಚ್ಚಿಡುತ್ತಿದ್ದೇನೆ ಎಂಬುದನ್ನು ನಮಗಷ್ಟೇ ತೋರಿಸುತ್ತಾರೆ. ಒಂದೇ ಮುಖ, ಒಂದೇ ಕ್ಷಣ, ಎರಡು ಕೆಲಸ!

ಸರದಿ ಕಾಯುವ ಕೋಣೆಯ ದೃಶ್ಯಗಳನ್ನಂತೂ ಉಸಿರು ಬಿಗಿಹಿಡಿದು ನೋಡಬೇಕು. ಬಾಕ್ಸರುಗಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಒಬ್ಬ ಗೆದ್ದು ಬರುತ್ತಾನೆ, ಇನ್ನೊಬ್ಬನನ್ನು ಎತ್ತಿಕೊಂಡು ಬರುತ್ತಾರೆ, ಅವನಿಗೆ ತಾನು ಯಾರೆಂಬುದೇ ನೆನಪಿಲ್ಲ. ರಯಾನ್ ಕೂತು ನೋಡುತ್ತಾರೆ, ಅಷ್ಟೇ. ರಿಂಗಿಗೆ ಕಾಲಿಡುವ ಮೊದಲೇ ಅವರು ಎಷ್ಟು ಏಟು ತಿಂದಾಗಿದೆ!

ಇನ್ನು ಸ್ಟೋಕರ್‌ನ ಹೆಂಡತಿ ಜೂಲಿ, ನಟಿ ಆಡ್ರಿ ಟಾಟರ್. ಈ ಸಿನಿಮಾದಲ್ಲಿ ನನ್ನನ್ನು ಬೆರಗಾಗಿಸಿದ್ದು ಈಕೆ. ಟಿಕೆಟ್ ಕೈಯಲ್ಲಿದೆ, ಗಂಡನ ಕಣ್ಣು ಖಾಲಿ ಕುರ್ಚಿಯನ್ನು ಹುಡುಕುತ್ತಿದೆ, ಆಕೆಗೆ ಒಳಗೆ ಹೋಗಲಾಗುವುದಿಲ್ಲ. ಜನರ ಆರ್ಭಟ ಕಿವಿಗೆ ಬೀಳುತ್ತಲೇ ಹಿಂದೆ ಸರಿಯುತ್ತಾಳೆ. ಬೀದಿ ಬೀದಿ ಅಲೆದು, ಕೊನೆಗೆ ಸೇತುವೆಯ ಮೇಲೆ ನಿಂತು ಟಿಕೆಟನ್ನು ಹರಿದು ಚೂರುಗಳನ್ನು ಕೆಳಗೆ ಬಿಡುತ್ತಾಳೆ. ಅದೇ ಹೊತ್ತಿನಲ್ಲಿ ಒಳಗೆ ಕಣ್ಣು ಕಾಣದ ಪ್ರೇಕ್ಷಕನೊಬ್ಬ, ಪಕ್ಕದವನ ಬಾಯಿಂದ ಹೊಡೆತಗಳ ವರದಿ ಕೇಳಿಕೊಂಡು, ಇನ್ನೂ ಹೊಡಿ ಎಂದು ಕೂಗುತ್ತಿದ್ದಾನೆ! ಆ ರಾತ್ರಿ ಒಂದು ಗುದ್ದನ್ನೂ ಕಣ್ಣಾರೆ ನೋಡದ ಜೂಲಿಯ ಮುಖದಲ್ಲಿ ಎಲ್ಲ ಗುದ್ದುಗಳೂ ಇವೆ. ರಿಂಗಿನೊಳಗೆ ಬಚ್ಚಿಟ್ಟ ನೋವು ರಿಂಗಿನ ಹೊರಗೆ ಇನ್ನೊಬ್ಬರ ಮುಖದಲ್ಲಿ ಬಯಲಾಗುತ್ತದೆ. ಇದು ಕಂಡಾಗ ಸಿನಿಮಾ ನಿಲ್ಲಿಸಿ ಯಾರಿಗಾದರೂ ಫೋನ್ ಮಾಡಿ ಹೇಳಬೇಕೆನಿಸಿತು.

ಆ ಗುಟ್ಟನ್ನು ಹಿಡಿದುಕೊಂಡೇ ಮಾರ್ಟಿನ್ ಸ್ಕಾರ್ಸೆಸಿಯ ‘ರೇಜಿಂಗ್ ಬುಲ್’ಗೆ ಬಂದೆ. 1980ರ ಚಿತ್ರ. ಜೇಕ್ ಲಮೋಟಾ ಎಂಬ ನಿಜವಾದ ಚಾಂಪಿಯನ್‌ನ ಬದುಕು. ರಾಬರ್ಟ್ ಡಿ ನಿರೋಗೆ ಬಾಕ್ಸಿಂಗ್ ಕಲಿಸಿದವರೂ ಲಮೋಟಾ. ಪಾತ್ರದ ಇಳಿವಯಸ್ಸಿಗಾಗಿ ಡಿ ನಿರೋ ಸುಮಾರು 27 ಕಿಲೋ ಮೈ ಬೆಳೆಸಿಕೊಂಡದ್ದನ್ನು ಎಲ್ಲರೂ ಹೇಳುತ್ತಾರೆ, ನಾನು ಅದನ್ನು ದಾಟಿ ಮುಂದೆ ಹೋಗುತ್ತೇನೆ. 1951ರ ಫೆಬ್ರವರಿ 14, ಶಿಕಾಗೊ, ಶುಗರ್ ರೇ ರಾಬಿನ್ಸನ್ ಎದುರಿನ ಹದಿಮೂರನೇ ಸುತ್ತು: ಅಲ್ಲಿಗೆ ಬನ್ನಿ. ಡಿ ನಿರೋ ಎರಡೂ ತೋಳನ್ನು ಹಗ್ಗದ ಮೇಲೆ ಚೆಲ್ಲಿ ನಿಂತಿದ್ದಾರೆ. ಮುಖಕ್ಕೆ ಕೈ ಅಡ್ಡ ಹಿಡಿಯುವುದಿಲ್ಲ. ರಾಬಿನ್ಸನ್ ಕೈ ಎತ್ತಿದ್ದೇ ಸದ್ದೆಲ್ಲ ಇಂಗಿಹೋಗುತ್ತದೆ, ಮರುಕ್ಷಣ ಹೊಡೆತಗಳ ಸುರಿಮಳೆ. ಆ ಸದ್ದುಗಳನ್ನು ಫ್ರ್ಯಾಂಕ್ ವಾರ್ನರ್ ಕರಬೂಜ, ಟೊಮೆಟೊ ಜಜ್ಜಿ ಹುಟ್ಟಿಸಿದರಂತೆ! ಥೆಲ್ಮಾ ಸ್ಕೂನ್‌ಮೇಕರ್ ಅವರ ಸಂಕಲನ ಒಂದೊಂದು ಏಟನ್ನೂ ಚೂರು ಚೂರು ಮಾಡಿ ನಮ್ಮ ಮೇಲೆ ಎಸೆಯುತ್ತದೆ. ಅದಕ್ಕೆ ಆಸ್ಕರ್ ಬಂತು, ಡಿ ನಿರೋಗೂ ಬಂತು.

ಈಗ ರಿಂಗಿನ ಆಚೆ ನೋಡಿ. ಹೆಂಡತಿ ವಿಕಿಯಾಗಿ ಕ್ಯಾಥಿ ಮೊರಿಯಾರ್ಟಿ ತಲೆ ತಗ್ಗಿಸಿ ಕೂತಿದ್ದಾರೆ. ಮಾತು ಬಿಟ್ಟ ತಮ್ಮ ಜೋಯಿ, ಅಂದರೆ ಜೋ ಪೆಶಿ, ಮನೆಯಲ್ಲಿ ಟಿವಿ ಮುಂದಿದ್ದಾನೆ. ಅಣ್ಣ ಹೊಡೆಸಿಕೊಳ್ಳುತ್ತಿರುವುದು ಯಾವ ಪಾಪಕ್ಕೆ ಎಂಬುದು ಆ ಕಟ್ಟಡದಲ್ಲಿ ಕೂಗುತ್ತಿರುವ ಯಾರಿಗೂ ತಿಳಿಯದು, ಟಿವಿ ಮುಂದೆ ಕೂತ ಈ ಒಬ್ಬನಿಗೆ ತಿಳಿದೀತು!

ಇದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ, ನನಗಂತೂ ಅದೇ ಬಾಕ್ಸಿಂಗ್ ಸಿನಿಮಾಗಳ ಶಿಖರ. ಅಲ್ಲಿ ಬಾಕ್ಸಿಂಗ್ ಇಲ್ಲ. ಫ್ಲಾರಿಡಾದ ಜೈಲಿನ ಕತ್ತಲ ಕೋಣೆ, ಬೊಜ್ಜು ಬಂದ ಲಮೋಟಾ, ಎದುರಿಗೆ ಗೋಡೆ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ, ಮುಷ್ಟಿಯಿಂದ ಗೋಡೆಯನ್ನು ಗುದ್ದುತ್ತಾನೆ, ಅಳುತ್ತಾನೆ. ಗುದ್ದುವವನೂ ತಿನ್ನುವವನೂ ಒಬ್ಬನೇ, ಬಚ್ಚಿಡಬೇಕಾದ ಎದುರಾಳಿಯೇ ಇಲ್ಲ! ರಿಂಗಿನಲ್ಲಿ ಅಷ್ಟು ವರ್ಷ ಒಳಗೆ ತಳ್ಳಿದ್ದೆಲ್ಲ ಅಲ್ಲಿ ಒಮ್ಮೆಲೇ ಗಂಟಲಿಗೆ ಬರುತ್ತದೆ.

ಜಾನ್ ಹ್ಯೂಸ್ಟನ್‌ರ ‘ಫ್ಯಾಟ್ ಸಿಟಿ’ (1972) ಇನ್ನೊಂದು ನಿಧಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್, ಬಡ ಬಾಕ್ಸರುಗಳು, ಹೊಲದ ಕೂಲಿ, ಕುಡಿತ. ಸ್ಟೇಸಿ ಕೀಚ್, ಜೆಫ್ ಬ್ರಿಜಸ್, ಸೂಸನ್ ಟಿರೆಲ್ ಎಲ್ಲರೂ ಅದ್ಭುತ. ಆದರೂ ನನ್ನ ಕಣ್ಣು ಹೋದದ್ದು ಲುಸೆರೊ ಎಂಬ ಸಣ್ಣ ಪಾತ್ರದ ಮೇಲೆ. ಮಾಡಿದವರು ಸಿಕ್ಸ್ಟೊ ರೊಡ್ರಿಗಸ್, ನಿಜಕ್ಕೂ ಬಾಕ್ಸರ್. ಊರಿಗೆ ಒಬ್ಬನೇ ಬಸ್ಸಿನಲ್ಲಿ ಬರುತ್ತಾನೆ, ಮೂತ್ರದಲ್ಲಿ ರಕ್ತ ಹೋಗುತ್ತದೆ, ಯಾರಿಗೂ ಹೇಳದೆ ರಿಂಗಿಗಿಳಿಯುತ್ತಾನೆ. ಮಾತಿಲ್ಲ, ಅಳುವಿಲ್ಲ. ಸೋತ ಮೇಲೆ ನೆಟ್ಟಗೆ ನಡೆದು ಹೊರಟುಹೋಗುತ್ತಾನೆ. ಹೊಟ್ಟೆಗೆ ಬೀಳುವ ಒಂದೊಂದು ಏಟೂ ಎಲ್ಲಿ ಹೋಗಿ ನಾಟುತ್ತಿದೆಯೆಂದು ನಮಗೆ ಗೊತ್ತು, ಹೊಡೆಯುತ್ತಿರುವ ಕೀಚ್‌ನ ಪಾತ್ರಕ್ಕೆ ಗೊತ್ತಿಲ್ಲ! ಇದೇ ಚಿತ್ರದಲ್ಲಿ ವೆಲ್ಟರ್‌ವೇಟ್ ವಿಶ್ವ ಚಾಂಪಿಯನ್ ಆಗಿದ್ದ ಕರ್ಟಿಸ್ ಕೋಕ್ಸ್ ಕೂಡ ಇದ್ದಾರೆ, ಬಾಕ್ಸರ್ ಅಲ್ಲದ ಅರ್ಲ್ ಎಂಬ ಶಾಂತ ಮನುಷ್ಯನಾಗಿ. ಹ್ಯೂಸ್ಟನ್ ತಾವೂ ಎಳೆವಯಸ್ಸಿನಲ್ಲಿ ಬಾಕ್ಸಿಂಗ್ ಆಡಿದವರು; ಬಾಕ್ಸರನ ಸಂಯಮ ನಟನೆಗೆ ಎಷ್ಟು ದೊಡ್ಡ ಬಂಡವಾಳವೆಂದು ಅವರಿಗೆ ತಿಳಿದಿತ್ತು.

ನಮ್ಮ ನೆರೆಯಲ್ಲೇ ಇನ್ನೊಂದು ಬೆರಗಿದೆ. ಪಾ. ರಂಜಿತ್ ಅವರ ತಮಿಳು ಚಿತ್ರ ‘ಸಾರ್ಪಟ್ಟ ಪರಂಪರೈ’ (2021). ಎಪ್ಪತ್ತರ ದಶಕದ ಉತ್ತರ ಮದ್ರಾಸು, ತುರ್ತುಪರಿಸ್ಥಿತಿಯ ಕಾಲ, ಬಾಕ್ಸಿಂಗ್ ಮನೆತನಗಳ ಹಗೆ. ಡ್ಯಾನ್ಸಿಂಗ್ ರೋಸ್ ಆಗಿ ಶಬೀರ್ ಕಲ್ಲರಕ್ಕಲ್ ಅವರ ಕಾಲುಗಳನ್ನು ನೋಡಿ! ಗುದ್ದೇ ತಾಗದ ಮೈ ಅದು. ತೂಗುತ್ತದೆ, ಬಾಗುತ್ತದೆ, ಜಾರಿಕೊಳ್ಳುತ್ತದೆ. ಆದ್ದರಿಂದಲೇ ಕಡೆಗೊಮ್ಮೆ ತಾಗಿದಾಗ ಇಡೀ ಊರು ಎದ್ದು ನಿಲ್ಲುತ್ತದೆ. ರಿಂಗಿನ ಪಕ್ಕದಲ್ಲಿ ರಂಗನ್ ವಾದ್ಯಾರ್ ಆಗಿ ಪಶುಪತಿ. ತಾನೇ ಆಡಿ ಬಿಟ್ಟ ಆಟವನ್ನು ಶಿಷ್ಯನ ಮೈಯಲ್ಲಿ ಮತ್ತೆ ಆಡುವ ಗುರು. ಕಬಿಲನ್ ಪಾತ್ರದ ಆರ್ಯ ತಿಂದ ಏಟಿನ ಲೆಕ್ಕವನ್ನೆಲ್ಲ ಈ ಮುಖದಲ್ಲಿ ಓದಿಕೊಳ್ಳಬಹುದು.

ಆದರೆ ಆ ಚಿತ್ರದ ಅತಿ ಬಲವಾದ ಏಟು ರಿಂಗಿನಲ್ಲಿ ಬೀಳುವುದೇ ಇಲ್ಲ. ಕಬಿಲನ್‌ನ ತಾಯಿ ಬಾಕ್ಯಂ ಆಗಿ ನಟಿಸಿದವರು ಅನುಪಮಾ ಕುಮಾರ್, ಕನ್ನಡ ಚಿತ್ರಗಳಲ್ಲಿ ನಾವು ಕಂಡವರೇ. ಗಂಡ ಬಾಕ್ಸರ್ ಆಗಿದ್ದು ರೌಡಿತನಕ್ಕಿಳಿದು ಕೊಲೆಯಾದವನು. ಮಗ ಕದ್ದು ಬಾಕ್ಸಿಂಗ್ ನೋಡಿ ಬಂದನೆಂದು ತಿಳಿದದ್ದೇ ತಾಯಿ ಅವನನ್ನು ಹಿಡಿದು ಬಾರಿಸುತ್ತಾಳೆ. ಬೆಟ್ಟದಂಥ ಮಗ ಕೈ ಎತ್ತದೆ ತಿನ್ನುತ್ತಾನೆ. ಆಗ ಅನುಪಮಾ ಅವರ ಮುಖ ನೋಡಿ, ದಯವಿಟ್ಟು ಬೇರೆ ಯಾರನ್ನೂ ನೋಡಬೇಡಿ! ಹೊಡೆಯುತ್ತಿರುವವಳು ಆಕೆ, ಮಗನಿಗೆ ಮೈ ಉರಿಯುತ್ತಿರಬಹುದು, ಆದರೆ ಆ ಒಂದೊಂದು ಏಟಿಗೂ ಬೆಚ್ಚಿ ಬೀಳುತ್ತಿರುವವಳೂ ಆಕೆಯೇ, ಗಂಡ ಸತ್ತ ದಿನದಿಂದ ಬೀಳುತ್ತಲೇ ಇರುವ ಏಟಿಗೆ!