ಮಾಡಿ ಎಷ್ಟು ಹೊತ್ತಾಯಿತು?

ಮಾಲ್ದೀವ್ಸ್‌ಗೆ ಹೋಗುವ ನಮ್ಮವರಿಗೆ ಊಟದ ವಿಚಾರದಲ್ಲಿ ಒಂದು ನಿಶ್ಚಿಂತೆಯಿದೆ. ಅಲ್ಲಿನ ಊರಿನ ಹೋಟೆಲುಗಳಲ್ಲಿ ಹಲಾಲ್ ಬಗ್ಗೆ ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ. ಆ ನಿಶ್ಚಿಂತೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯೂ ಮರೆತುಹೋಗುತ್ತದೆ: ಇದನ್ನು ಮಾಡಿ ಎಷ್ಟು ಹೊತ್ತಾಯಿತು?

2010ರ ನಂತರ ಮಾಫುಶಿಯಂಥ ಜನವಸತಿ ದ್ವೀಪಗಳಲ್ಲಿ ಸಣ್ಣ ಗೆಸ್ಟ್‌ಹೌಸ್‌ಗಳು ಸಾಲಾಗಿ ಬಂದಿವೆ. ಹೆಚ್ಚಿನ ಕಡೆ ಬಾಡಿಗೆಯಲ್ಲೇ ಬೆಳಗಿನ ಉಪಾಹಾರವೂ ಸೇರಿರುತ್ತದೆ. ಅಲ್ಲಿನವರ ಉಪಾಹಾರವೆಂದರೆ ಮಸ್ ಹುನಿ. ಟ್ಯೂನಾ ಮೀನು, ಹಸಿ ತೆಂಗಿನತುರಿ, ಈರುಳ್ಳಿ, ಮೆಣಸು, ಲಿಂಬೆರಸ ಸೇರಿಸಿ ಕೈಯಲ್ಲಿ ಕಲಸಿ, ಚಪಾತಿಯಂಥ ರೋಶಿಯ ಜೊತೆ ಕೊಡುತ್ತಾರೆ. ನಮ್ಮ ಕರಾವಳಿಯ ನಾಲಿಗೆಗೆ ಬಲು ಬೇಗ ಹಿಡಿಸುವ ರುಚಿ.

ನಾವು ತಂಗಿದ್ದಲ್ಲಿ ಇದು ಏಳಕ್ಕೇ ಮೇಜಿಗೆ ಬರುತ್ತಿತ್ತು. ಫಜ್ರ್ ಮುಗಿಸಿ ಮತ್ತೆ ಮಲಗಿದ ನಾವು ಒಂದು ದಿನ ಕೆಳಗಿಳಿದದ್ದು ಹತ್ತಕ್ಕೆ. ತಿಂದು ಅರ್ಧ ಗಂಟೆಯೊಳಗೆ ನಾದಿನಿಯ ಮುಖ, ಕುತ್ತಿಗೆ ಕೆಂಪೇರಿತು. ತಲೆನೋವು, ಎದೆಬಡಿತ. ಬಿಸಿಲು ತಾಗಿದೆ ಎಂದರು ಒಬ್ಬರು. ಮೀನಿನ ಅಲರ್ಜಿ ಎಂದರು ಇನ್ನೊಬ್ಬರು. ಹುಟ್ಟಿದಂದಿನಿಂದ ಮೀನು ತಿಂದವಳಿಗೆ ಅದೆಂಥ ಅಲರ್ಜಿ! ಆರೋಗ್ಯ ಕೇಂದ್ರದ ವೈದ್ಯೆ ಹೇಳಿದ್ದು ಬೇರೆಯೇ: ಇದು ಹಿಸ್ಟಮಿನ್ ವಿಷ ಇರಬೇಕು.

ಟ್ಯೂನಾ, ಬಂಗುಡೆಯಂಥ ಮೀನುಗಳು ಸೆಕೆಯಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ಇದು ದೋಣಿಯಲ್ಲೇ ಆಗಬಹುದು, ಡಬ್ಬಿ ತೆರೆದ ಮೇಲೆ ಮೇಜಿನ ಮೇಲೂ ಆಗಬಹುದು. ಒಮ್ಮೆ ಉಂಟಾದ ಮೇಲೆ ಕುದಿಸಿದರೂ ಫ್ರಿಜ್‌ನಲ್ಲಿಟ್ಟರೂ ಹೋಗುವುದಿಲ್ಲ. ವಾಸನೆಯಿಂದ ತಿಳಿಯುವುದೂ ಕಷ್ಟ. ಕೆಲವೊಮ್ಮೆ ಕರಿಮೆಣಸಿನಂಥ ಖಾರ ನಾಲಿಗೆಗೆ ತಾಗುತ್ತದೆ. ಹಾಗೆನಿಸಿದರೆ ಅಲ್ಲಿಗೇ ತಟ್ಟೆ ಬಿಡಿ. ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುತ್ತದೆ. ಉಸಿರುಕಟ್ಟಿದರೆ ಮಾತ್ರ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೇಯಿಸಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಹಸಿ ತೆಂಗಿನತುರಿ ಬೆರೆತದ್ದಕ್ಕೆ ಇನ್ನೂ ಎಚ್ಚರ ಬೇಕೆಂದು ನಮ್ಮ ಅಡುಗೆಮನೆಯ ಚಟ್ನಿಯೇ ಹೇಳುತ್ತದೆ.

ಹೊರಗೆ ತಿನ್ನುವುದಾದರೆ ಹತ್ತಿರದ 'ಸಾಯಿ ಹೋಟಾ', ಅಂದರೆ ಚಹಾದ ಹೋಟೆಲು, ಅಗ್ಗ. ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಮೀನಿನ ಗುಳ, ಬಜಿಯಾ ಯಾವಾಗ ಕರಿದದ್ದೆಂದು ಕೇಳಿ. ಎಣ್ಣೆಯಿಂದ ಈಗಷ್ಟೇ ಬಂದದ್ದಾದರೆ ಸರಿ. ಅನ್ನದ ಜೊತೆ ಹಬೆಯಾಡುವ ಮೀನಿನ ಸಾರು ಗರುಧಿಯ ನನಗೆ ಹೆಚ್ಚು ಒಪ್ಪಿಗೆಯಾಯಿತು. ಶುಕ್ರವಾರ ಜುಮುಅದ ಹೊತ್ತಿಗೆ ಹೋಟೆಲುಗಳು ಮುಚ್ಚಿರುತ್ತವೆ. ಮಕ್ಕಳಿದ್ದರೆ ಬಾಳೆಹಣ್ಣು, ಸೀಲ್ ಮಾಡಿದ ನೀರಿನ ಬಾಟಲಿ ಮೊದಲೇ ತೆಗೆದಿಡಿ. ಬಾಟಲಿ ನೀರು ಕುಡಿದು, ಎಲ್ಲಿಯದೋ ನೀರಿನ ಐಸ್ ಹಾಕಿದ ಜ್ಯೂಸ್ ಕುಡಿದರೆ ಏನು ಬಂತು?

ಮರುದಿನ ಗೆಸ್ಟ್‌ಹೌಸಿನ ಹುಡುಗನಿಗೆ ನಾವು ಬರುವ ಹೊತ್ತು ತಿಳಿಸಿದೆವು. ಬೇಸರಿಸದೆ, ನಮ್ಮೆದುರೇ ತೆಂಗಿನಕಾಯಿ ಒಡೆದು ತುರಿಯಲು ಕುಳಿತ.