ಹಳದಿ ಬೋರ್ಡಿಗೆ ಭಾರವಾದ ವಿಮೆ

ಒಂದೇ ಮಾದರಿಯ, 1,197 ಸಿಸಿ ಎಂಜಿನ್ನಿನ ಎರಡು ಕಾರುಗಳು. ಬಿಳಿ ಬೋರ್ಡಿನದಕ್ಕೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416 ರೂಪಾಯಿ. ಹಳದಿ ಬೋರ್ಡಿನದಕ್ಕೆ ಮೂಲ ದರ 7,940, ಅದರ ಮೇಲೆ ಪ್ರತಿ ಪ್ರಯಾಣಿಕರ ಸೀಟಿಗೆ 978. ನಾಲ್ಕು ಸೀಟಿಗೆ ಒಟ್ಟು 11,852 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿದರೆ ಹದಿನಾಲ್ಕು ಸಾವಿರದ ಹತ್ತಿರ. ಇವು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಜಾರಿಗೆ ತಂದ ದರಗಳು.

ಕಾರಣವೇನೋ ಇದೆ. ಟ್ಯಾಕ್ಸಿ ಹಗಲೂ ರಾತ್ರಿ ಓಡುತ್ತದೆ, ಅಪಘಾತದ ಸಾಧ್ಯತೆ ಹೆಚ್ಚು. ಸಾವುನೋವಿನ ಪರಿಹಾರಕ್ಕೆ ಈ ವಿಮೆಯಲ್ಲಿ ಮಿತಿಯೂ ಇಲ್ಲ. ನ್ಯಾಯಮಂಡಳಿ ಹೇಳಿದಷ್ಟನ್ನು ಕಂಪನಿ ಕೊಡಬೇಕು.

ಆದರೆ ಈ ದರಕ್ಕೆ ಚಾಲಕ ಕಾಣುವುದೇ ಇಲ್ಲ. ಹತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವರೂ ಅಷ್ಟೇ ಕಟ್ಟಬೇಕು. ನೋ ಕ್ಲೇಮ್ ಬೋನಸ್ ಸಿಗುವುದು ಸ್ವಂತ ಗಾಡಿಯ ಹಾನಿಯ ವಿಮೆಗೆ ಮಾತ್ರ. ಗಾಡಿ ಹಳತಾದಂತೆ ಅದರ ಬೆಲೆ ಇಳಿಯುತ್ತದೆ, ಥರ್ಡ್ ಪಾರ್ಟಿ ಕಂತು ಇಳಿಯುವುದಿಲ್ಲ. ಇದು ಅನ್ಯಾಯವೇ.

ಹಾಗೆಂದು ಕಂತು ತಪ್ಪಿಸಿದರೆ ಮೊದಲ ಬಾರಿಗೆ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಅಪಘಾತವಾದರೆ ಪರಿಹಾರದ ಪೂರ್ತಿ ಹೊರೆ ಮಾಲೀಕನ ಮೇಲೆಯೇ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವವರಿಗೂ ಅಪಾಯ ತಪ್ಪಿದ್ದಲ್ಲ: ಗಾಡಿ ಜಖಂ ಆದಾಗ ಕಂಪನಿ ಕ್ಲೇಮನ್ನೇ ತಿರಸ್ಕರಿಸಬಹುದು.