ವಿಚಾರಟಿಪ್ಪಣಿಗಳ ರಚನೆಯೂ ಜೋಡಣೆಯೂ

1970ನೆಯ ಇಸವಿಯ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿರುವ ಉನ್ನತ ಅಧ್ಯಯನಕೇಂದ್ರವೊಂದಕ್ಕೆ ಯಾರೋ ಬೆಂಕಿಯಿಟ್ಟರು. ಆಗ ಅಲ್ಲಿ ಅತಿಥಿವಿದ್ವಾಂಸರಾಗಿದ್ದ ಮೈಸೂರಿನ ಎಂ. ಎನ್. ಶ್ರೀನಿವಾಸರ ಕೊಠಡಿಯೂ ಅದಕ್ಕೆ ಆಹುತಿಯಾಯಿತು. ಅವರು 1948ರಲ್ಲಿಯೂ ಮತ್ತೆ 1952ರಲ್ಲಿಯೂ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಮಪುರವೆಂಬ ಮರೆಹೆಸರನ್ನಿಟ್ಟು, ಅಲ್ಲಿಯ ಜನಜೀವನವನ್ನು ಕುರಿತು ಸಾಮಗ್ರಿಯನ್ನು ಸಂಗ್ರಹಿಸಿದ್ದರು. ಆ ಸಾಮಗ್ರಿಯನ್ನು ಹದಿನೆಂಟು ವರ್ಷಗಳ ಕಾಲ ಬಿಡಿಸಿ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆ ಕೊಠಡಿಯಲ್ಲಿಯೇ ಇದ್ದು ಭಸ್ಮವಾದುವು. ಹಳ್ಳಿಯಲ್ಲಿ ಬರೆದ ಮೂಲ ಟಿಪ್ಪಣಿಗಳು ದೆಹಲಿಯಲ್ಲಿದ್ದುದರಿಂದ ಉಳಿದುಕೊಂಡುವು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸರ ಸಲಹೆಯಂತೆ ಶ್ರೀನಿವಾಸರು ಮುಖ್ಯವಾಗಿ ನೆನಪನ್ನೇ ಆಶ್ರಯಿಸಿ ಬರೆದ ಗ್ರಂಥವು ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಹೆಸರಿನಿಂದ 1976ರಲ್ಲಿ ಪ್ರಕಟವಾಯಿತು.

ಮೂಲವು ಉಳಿದಿರಲು, ಸುಟ್ಟುದು ಯಾವುದು? ಈ ಪ್ರಶ್ನೆಗೆ ಉತ್ತರ ಕೊಡಹೊರಟರೆ ಪ್ರಕೃತ ವಿಷಯದ ತಿರುಳೇ ಕೈಗೆ ಸಿಕ್ಕುವುದು. ಕಂಡುದನ್ನೂ ಕೇಳಿದುದನ್ನೂ ಬರೆದಿಡುವುದು ಕ್ಷೇತ್ರಟಿಪ್ಪಣಿ. ಅದನ್ನು ಮತ್ತೆ ಮತ್ತೆ ಓದಿ, ಒಬ್ಬನ ಮಾತನ್ನು ಇನ್ನೊಬ್ಬನ ಮಾತಿನೊಡನೆ ತೂಗಿ, ‘ಇದು ಹೀಗೇಕೆ?’ ಎಂದು ಶೋಧಕನು ತನ್ನೊಳಗೇ ನಡೆಸುವ ವಾದದ ಬರಹವನ್ನು ವಿಚಾರಟಿಪ್ಪಣಿಯೆಂದು ಕರೆಯಬಹುದು. ಮೊದಲನೆಯದು ಊರಿನ ಸ್ವತ್ತು. ಎರಡನೆಯದು ಶೋಧಕನ ದುಡಿಮೆ. ಅದು ಹೋದರೆ ಊರಿಗೆ ಮತ್ತೆ ಹೋಗಿ ತರಲಾಗದು. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರೌಸ್ ಎಂಬ ಸಮಾಜಶಾಸ್ತ್ರಜ್ಞರು ತಮ್ಮ ಗ್ರಂಥದಲ್ಲಿ ಇದಕ್ಕೊಂದು ನಿಯಮವನ್ನೇ ಮಾಡಿದರು: ಮಾತಿನ ತುಣುಕುಗಳಿಗೆ ಸಂಕೇತನಾಮಗಳನ್ನು ಕೊಡುತ್ತಿರುವಾಗ ಮನಸ್ಸಿನಲ್ಲಿ ವಿಚಾರವೊಂದು ಎದ್ದರೆ ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ವಿಚಾರವನ್ನು ಬರೆದುಬಿಡಬೇಕು.

ಇಂದು ಈ ಕಾರ್ಯವು ಬಹುಮಟ್ಟಿಗೆ ಗಣಕಯಂತ್ರದ ತಂತ್ರಾಂಶಗಳಲ್ಲಿ ನಡೆಯುತ್ತಿದೆ. 1980ರ ದಶಕದಲ್ಲಿ ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಲಿನ್ ಮತ್ತು ಟಾಮ್ ರಿಚರ್ಡ್ಸ್ ದಂಪತಿಗಳ ಪ್ರಯತ್ನದಿಂದ ಹುಟ್ಟಿದ ತಂತ್ರಾಂಶವು ಮುಂದೆ 1999ರಲ್ಲಿ ಎನ್‌ವಿವೊ ಆಯಿತು. ಜರ್ಮನಿಯಲ್ಲಿ ಕುಕಾರ್ಟ್ಸರ ಮ್ಯಾಕ್ಸ್ (ಈಗಿನ ಮ್ಯಾಕ್ಸ್‌ಕ್ಯುಡಿಎ) ಮತ್ತು ಮೂರರ ಅಟ್ಲಾಸ್ ಟಿಐ ಹುಟ್ಟಿದುವು. ಬೆಲೆಯಿಲ್ಲದೆ ದೊರೆಯುವ ಕ್ವಾಲ್‌ಕೋಡರ್ ಎಂಬುದೂ ಉಂಟು. ಇವೆಲ್ಲವೂ ಟಿಪ್ಪಣಿಗೆ ಎಡೆಯನ್ನು ಕೊಟ್ಟಿವೆ, ಆದರೆ ಒಂದೇ ಬಗೆಯಲ್ಲಲ್ಲ. ಮ್ಯಾಕ್ಸ್‌ಕ್ಯುಡಿಎಯಲ್ಲಿ ಟಿಪ್ಪಣಿಯು ಸಂದರ್ಶನದ ಪಕ್ಕದ ಅಂಚಿನಲ್ಲಿಯೇ ಅಂಟಿಕೊಂಡಿರಬಹುದು. ಅಟ್ಲಾಸ್‌ನಲ್ಲಿ ಒಂದು ವಸ್ತುವಿಗೆ ಸೇರಿದ ವಿವರಣೆ ಬೇರೆ, ತಾನಾಗಿ ನಿಲ್ಲುವ ಟಿಪ್ಪಣಿ ಬೇರೆ. ಎನ್‌ವಿವೊದಲ್ಲಿ ಟಿಪ್ಪಣಿಗಳೆಲ್ಲವೂ ಪ್ರತ್ಯೇಕ ಸ್ಥಾನದಲ್ಲಿದ್ದು, ಒಂದು ಸಂದರ್ಶನಕ್ಕಾಗಲಿ ಒಂದು ಸಂಕೇತಕ್ಕಾಗಲಿ ನೇರವಾಗಿ ಜೋಡಿಸಬಹುದಾದುದು ಒಂದೇ ಟಿಪ್ಪಣಿ. ಇಷ್ಟನ್ನು ತಿಳಿಯದೆ ಕೆಲಸಕ್ಕೆ ತೊಡಗಿದವನು ಆರು ತಿಂಗಳಾದ ಮೇಲೆ ತನ್ನ ಟಿಪ್ಪಣಿಗಳನ್ನು ತಾನೇ ಹುಡುಕಬೇಕಾಗುತ್ತದೆ.

ಮಾತು ಬರಿಯ ನಿಯಮಗಳಲ್ಲಿ ತೇಲದಂತೆ, ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವುದು ಲೇಸು. ಗದಗಿನಲ್ಲಿ 2016ರಿಂದ ಗ್ರಾಮೀಣಾಭಿವೃದ್ಧಿಗೆಂದೇ ಒಂದು ವಿಶ್ವವಿದ್ಯಾಲಯವು ಇದೆಯಾದುದರಿಂದ ಆ ಜಿಲ್ಲೆಯ ಹಳ್ಳಿಯನ್ನೇ ಆರಿಸಿಕೊಳ್ಳೋಣ. ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಗೆ ಒಬ್ಬ ವಿದ್ಯಾರ್ಥಿನಿಯು ಹೋಗಿ, ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಗಾಗಿ ಊರುಬಿಡುವ ಕುಟುಂಬಗಳನ್ನು ಕುರಿತು ವಿಚಾರಿಸಿದಳೆಂದು ಭಾವಿಸೋಣ. ಊರು ನಿಜವಾದುದು, ಮುಂದೆ ಹೇಳುವ ಮಾತುಗಳೂ ಟಿಪ್ಪಣಿಗಳೂ ಕೇವಲ ನಿದರ್ಶನಕ್ಕಾಗಿ ಕಲ್ಪಿಸಿದುವು.

ಸಂದರ್ಶನಗಳನ್ನು ತಂತ್ರಾಂಶಕ್ಕೆ ಏರಿಸಿ, ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋದ ಪ್ರಸ್ತಾಪ ಬಂದಲ್ಲೆಲ್ಲ ಆಕೆ ‘ವಲಸೆ’ ಎಂಬ ಸಂಕೇತವನ್ನು ಕೊಟ್ಟಳು. ಪಕ್ಕದಲ್ಲಿ ಬರೆದ ಟಿಪ್ಪಣಿ: ‘ವಲಸೆ ಮಹತ್ವದ ವಿಷಯ. ಇನ್ನೂ ನೋಡಬೇಕು.’ ಇಂಥ ಟಿಪ್ಪಣಿಯಿಂದ ಯಾರಿಗೂ ಪ್ರಯೋಜನವಿಲ್ಲ. ಬರೆದವಳಿಗಂತೂ ಮೊದಲೇ ಇಲ್ಲ. ಎರಡನೆಯ ಸಲ ಓದುವಾಗ ಆಕೆಗೆ ಒಂದು ಸೂಕ್ಷ್ಮವು ಹೊಳೆಯಿತು. ಆಗ ಬರೆದುದು ಹೀಗಿದೆ:

‘ನೆರೆಮನೆಯವರ ವಿಷಯದಲ್ಲಿ “ಗುಳೆ ಹೋದ್ರು” ಎನ್ನುವರು, ತಮ್ಮ ವಿಷಯದಲ್ಲಿ “ದುಡಿಯಾಕ ಹೋಗಿದ್ವಿ” ಎನ್ನುವರು. ಐದು ಸಂದರ್ಶನಗಳಲ್ಲಿ ನಾಲ್ಕರಲ್ಲಿ ಹೀಗೆ. ಗುಳೆ ಎಂಬುದು ನಾಚಿಕೆಯ ಮಾತೆ? ಅಥವಾ ಮನೆಗೆ ಬೀಗ ಹಾಕಿಕೊಂಡು ಹೋದರೆ ಗುಳೆ, ಮುದುಕರನ್ನು ಬಿಟ್ಟುಹೋದರೆ ದುಡಿಮೆ ಎಂಬ ಭೇದವೆ? ಐದನೆಯವರ ಮನೆಯಲ್ಲಿ ಹಿಂದೆ ಉಳಿದವರು ಯಾರು ಎಂಬುದನ್ನು ಕೇಳಬೇಕು. ನಾನು ಕೊಟ್ಟ “ವಲಸೆ” ಎಂಬ ಹೆಸರು ಈ ಊರಿನಲ್ಲಿ ಯಾರ ಬಾಯಲ್ಲಿಯೂ ಬಂದಿಲ್ಲ.’

ಇದರಲ್ಲಿ ವಿಚಾರ ಒಂದೇ ಇದೆ. ಅದು ಊರವರ ಮಾತಿನ ಮೇಲೆಯೇ ನಿಂತಿದೆ. ಎರಡು ಉತ್ತರಗಳನ್ನು ಎದುರುಬದುರಾಗಿ ನಿಲ್ಲಿಸಿ, ಅವುಗಳಲ್ಲಿ ಯಾವುದು ನಿಜವೆಂದು ತಿಳಿಯುವುದಕ್ಕೆ ಮುಂದಿನ ಹೆಜ್ಜೆಯನ್ನೂ ತೋರಿಸಿದೆ. ಕಡೆಯ ವಾಕ್ಯವಂತೂ ಬರೆದವಳ ಕಿವಿಯನ್ನೇ ಹಿಂಡುತ್ತದೆ. ಮೂರು ತಿಂಗಳ ಮೇಲೆ ಅದೇ ಟಿಪ್ಪಣಿಯ ಕೆಳಗೆ ಹೊಸ ದಿನಾಂಕ ಹಾಕಿ ಆಕೆ ಸೇರಿಸಿದುದು: ‘ಪಂಚಾಯಿತಿಯವರ ಎದುರಿಗೆ ಒಬ್ಬರು “ನಾವು ಗುಳೆ ಹೋಗೋ ಮಂದಿ” ಎಂದು ತಮ್ಮನ್ನೇ ಹೇಳಿಕೊಂಡರು, ಕೂಲಿಯ ಕೆಲಸವನ್ನು ಕೇಳುತ್ತಿದ್ದರು. ಹಾಗಾದರೆ ಇದು ನಾಚಿಕೆಯ ಮಾತೋ ಹಕ್ಕಿನ ಮಾತೋ ಎಂಬುದು ಯಾರ ಮುಂದೆ ಆಡುವರೆಂಬುದರ ಮೇಲೆ ನಿಂತಿದೆ.’ ಹಿಂದಿನ ಊಹೆಯನ್ನು ಆಕೆ ಅಳಿಸಲಿಲ್ಲ. ಅಳಿಸಿದ್ದರೆ, ವಿಚಾರವು ಯಾವ ಸಾಕ್ಷ್ಯದಿಂದ ಎಲ್ಲಿ ತಿರುಗಿತೆಂಬುದನ್ನು ಪರೀಕ್ಷಕರಿಗೆ ತೋರಿಸಲು ಆಕೆಯ ಬಳಿ ಏನೂ ಉಳಿಯುತ್ತಿರಲಿಲ್ಲ. ಹಿಂದಿನವರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಮಾಡಿದ ಕಡತಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯುವುದು ಅದರ ದೊಡ್ಡ ಅನುಕೂಲ. ಲೆಕ್ಕಪತ್ರಕ್ಕೆ ಒಪ್ಪಿದ ಆ ಗುಣವು ವಿಚಾರಟಿಪ್ಪಣಿಗೆ ಒಪ್ಪದು. ತಂತ್ರಾಂಶದಲ್ಲಿಯಾದರೋ ಒರಸುವುದು ಕಡತದಲ್ಲಿದ್ದುದಕ್ಕಿಂತಲೂ ಸುಲಭ, ಕಲೆಯೂ ಉಳಿಯದು.

ಟಿಪ್ಪಣಿಗಳನ್ನು ವರ್ಗೀಕರಿಸುವ ಬಗ್ಗೆ ಹಲವು ಮತಗಳಿವೆ. 1973ರಲ್ಲಿ ಷಾಟ್ಸ್‌ಮನ್ ಮತ್ತು ಸ್ಟ್ರೌಸ್ ಕಂಡುದು, ಊಹಿಸಿದುದು, ವಿಧಾನಕ್ಕೆ ಸೇರಿದುದು ಎಂದು ಮೂರು ಬಗೆ ಮಾಡಿದರು. ಈಚಿನ ಕೈಪಿಡಿಗಳಲ್ಲಿ ಬಗೆಗಳ ಸಂಖ್ಯೆಯು ಬೆಳೆಯುತ್ತಲೇ ಹೋಗಿದೆ. ಟಿಪ್ಪಣಿ ಬರೆಯುವುದಕ್ಕಿಂತ ಅದರ ಜಾತಿಯನ್ನು ನಿರ್ಣಯಿಸುವುದಕ್ಕೇ ಹೊತ್ತು ಹಿಡಿಯುವಂತಾಗಿದೆ. ಆ ಹಳೆಯ ಮೂರೇ ಸಾಕು. ಶೀರ್ಷಿಕೆಯ ಮೊದಲಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳನ್ನು ಹಾಕಿದರೆ ತಂತ್ರಾಂಶವು ತಾನಾಗಿಯೇ ಕಾಲಾನುಕ್ರಮವಾಗಿ ಜೋಡಿಸುವುದು. ಶೀರ್ಷಿಕೆಯು ಪ್ರಶ್ನೆಯಾಗಿದ್ದರೆ ಇನ್ನೂ ಮೇಲು: ‘ಗುಳೆ’ ಎಂಬುದಕ್ಕಿಂತ ‘ಗುಳೆ: ಯಾರ ಮುಂದೆ ಆಡುವ ಮಾತು?’ ಎಂಬುದು ಒಂದು ವರ್ಷದ ಮೇಲೆಯೂ ಬರೆದವಳನ್ನು ಕರೆದು ಮಾತನಾಡಿಸುತ್ತದೆ. ಆಧಾರವಾದ ಮಾತಿನ ತುಣುಕುಗಳಿಗೆ ಟಿಪ್ಪಣಿಯಿಂದ ಕೊಂಡಿಯನ್ನು ಹಾಕುವುದು ಕಡ್ಡಾಯ.

ಕನ್ನಡದಲ್ಲಿ ಬರೆಯುವವರಿಗೆ ಬೇರೆ ತೊಡಕುಗಳುಂಟು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಮಾದರಿಗಳಲ್ಲಿ ಬೆರಳಚ್ಚಾದ ಲೇಖನವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದೊಳಗೆ ರೋಮನ್ ಅಕ್ಷರಗಳ ರಾಶಿಯಾಗಿರುತ್ತದೆ; ಅದನ್ನು ಯೂನಿಕೋಡಿಗೆ ಪರಿವರ್ತಿಸದೆ ಏರಿಸಿದರೆ ಹುಡುಕಾಟವು ನಿಷ್ಫಲವಾಗುವುದು. ಎರಡನೆಯದು ವಿಭಕ್ತಿಪ್ರತ್ಯಯಗಳ ಪ್ರಶ್ನೆ. ‘ಊರು’ ಎಂದು ಹುಡುಕಿದರೆ ‘ಊರಿನ’, ‘ಊರಿಗೆ’ ಎಂಬುವು ಸಿಕ್ಕುವುದಿಲ್ಲ; ‘ಊರ’ ಎಂದಷ್ಟೇ ಕೊಟ್ಟರೆ ಸಿಕ್ಕುವುವು. ‘ಕಾಲ’ವನ್ನು ಹುಡುಕುವವನಿಗೆ ಆದೇಶಸಂಧಿಯಾದ ‘ಮಳೆಗಾಲ’ವು ತಪ್ಪಿಹೋಗುವುದು. ಮೂರನೆಯದು ಆಡುಮಾತು. ಜನರ ಮಾತನ್ನು ಅವರು ಆಡಿದಂತೆಯೇ ಉಳಿಸುವುದು ಯುಕ್ತ; ಆದರೆ ಹುಡುಕುವುದಕ್ಕೆ ಬೇಕಾದ ಗ್ರಾಂಥಿಕ ಶಬ್ದಗಳನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿ ತಪ್ಪದೆ ಬರೆದಿಡಬೇಕು.

ಇವೆಲ್ಲಕ್ಕಿಂತ ಗುರುತರವಾದುದು ಇನ್ನೊಂದಿದೆ. ಟಿಪ್ಪಣಿಯಲ್ಲಿ ಶೋಧಕನ ಸಂಶಯಗಳಿರುತ್ತವೆ: ಇವರು ನಿಜವನ್ನು ಹೇಳಲಿಲ್ಲ, ಅವರ ಸಾಲವು ಇಂಥವರ ಬಳಿ ಇರಬೇಕು, ಈ ಮನೆಯ ಮಗಳನ್ನು ಶಾಲೆ ಬಿಡಿಸಿದುದಕ್ಕೆ ಕಾರಣ ಬೇರೆ. ಸಂದರ್ಶನದಲ್ಲಿ ಹೆಸರನ್ನು ಮರೆಮಾಡಿ, ಟಿಪ್ಪಣಿಯಲ್ಲಿ ಹಾಗೆಯೇ ಬಿಡುವುದು ಎಲ್ಲೆಡೆಯೂ ಕಂಡುಬರುವ ಪ್ರಮಾದ. ಹಲವರು ಕೂಡಿ ದುಡಿಯುವ ಯೋಜನೆಗಳಲ್ಲಿ ಈ ಬರಹವು ಐದಾರು ಯಂತ್ರಗಳಿಗೆ ಹೋಗುತ್ತದೆ. ಒಬ್ಬರನ್ನೊಬ್ಬರು ನಡಿಗೆಯಿಂದಲೇ ಗುರುತಿಸುವ ಹಳ್ಳಿಯಲ್ಲಿ, ಹೆಸರನ್ನು ಬಿಟ್ಟು ‘ಕೆರೆಯ ದಾರಿಯ ಮೂಲೆಮನೆಯ ವಿಧವೆ’ ಎಂದು ಬರೆದರೂ ಹೆಸರನ್ನು ಬರೆದಂತೆಯೇ ಆಯಿತು. ಮೇಲಿನ ನಿದರ್ಶನದಲ್ಲಿ ಕೆಲಸವನ್ನು ಕೇಳಿದವರನ್ನು ‘ಒಬ್ಬರು’ ಎಂದಷ್ಟೇ ಹೇಳಿರುವುದು ಇದಕ್ಕಾಗಿಯೇ. ಅವರು ಯಾರೆಂಬುದು ತಂತ್ರಾಂಶದ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿರುವ ಕಾಗದದಲ್ಲಿ ಮಾತ್ರ ಇರತಕ್ಕದ್ದು.

ಪ್ರತಿಗಳ ವಿಷಯದಲ್ಲಿ ಎರಡು ಮಾತು. ತಂತ್ರಾಂಶದ ಕಡತವನ್ನು ಆ ತಂತ್ರಾಂಶವೇ ಓದಬೇಕು. ಸಂಸ್ಥೆಯ ಪರವಾನಗಿಯ ಅವಧಿ ಮುಗಿದರೆ ಬರೆದವಳಿಗೇ ಬಾಗಿಲು ಮುಚ್ಚಬಹುದು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಮಗ್ರಿಯನ್ನು ಸಾಗಿಸುವುದಕ್ಕೆ ರೆಫಿ ಎಂಬ ಸಾಮಾನ್ಯ ಮಾದರಿಯು 2019ರಲ್ಲಿ ಬಳಕೆಗೆ ಬಂದಿತು. ಹೀಗೆ ಸಾಗಿಸಿದ ಮೇಲೆ ಟಿಪ್ಪಣಿಗಳೂ ಅವುಗಳ ಕೊಂಡಿಗಳೂ ಸರಿಯಾಗಿ ಬಂದಿವೆಯೇ ಎಂದು ಒಂದೊಂದನ್ನೇ ತೆರೆದು ನೋಡುವುದು ಅವಶ್ಯ. ಇದರ ಜೊತೆಗೆ ತಿಂಗಳಿಗೊಮ್ಮೆ ಟಿಪ್ಪಣಿಗಳನ್ನಷ್ಟೇ ಸಾದಾ ಬರಹದ ರೂಪದಲ್ಲಿ ಹೊರತೆಗೆದು, ಒಂದು ಪ್ರತಿಯನ್ನು ಮುದ್ರಿಸಿ, ಇನ್ನೊಂದನ್ನು ಬೇರೆ ಊರಿನಲ್ಲಿಡುವುದು ಕಷ್ಟದ ಕೆಲಸವೇನಲ್ಲ. ಮುದ್ರಿಸಿದ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು, ಹತ್ತಿರದ ಸಂಗತಿಗಳನ್ನು ಹತ್ತಿರಕ್ಕೆ ಸರಿಸಿ ನೋಡಿದಾಗ ಪ್ರಬಂಧದ ಅಧ್ಯಾಯಗಳ ಕ್ರಮವು ಅನೇಕ ವೇಳೆ ಅಲ್ಲಿಯೇ ಮೂಡಿಬರುವುದು.